ನಿನ್ನ ಅಂಗಡಿಯ ಬೋರ್ಡು ಓದಿದೆ

ಅಪ್ಪಾ,

ನೀನಿದ್ದಿದ್ದರೆ ಇವತ್ತು ಹೊಟ್ಟೆ ಹುಣ್ಣಾಗುವಷ್ಟು ನಗ್ತಿದ್ದೆ. ಪುಸ್ತಕ ಇಟ್ಟುಕೊಂಡು ನನ್ನಷ್ಟಕ್ಕೆ ನಾನೇ ಚೀನೀ ಅಕ್ಷರ ಕಲೀತಿದ್ದೀನಿ. ಎಂಟು ತಿಂಗಳಾದರೂ ಇನ್ನೂ ತಡವರಿಸೋ ಓದೇ. ಬೆಳಿಗ್ಗೆ ನಿನ್ನ ರೇಡಿಯೋ ರಿಪೇರಿ ಅಂಗಡಿಯ ಹಳೇ ಬೋರ್ಡನ್ನ ಅಟ್ಟದಿಂದ ಇಳಿಸಿ ಓದಿದೆ. ಸಾಮಾನು ಬಂದ ಪೆಟ್ಟಿಗೆ ನೋಡಿ, 'ದೊಡ್ಡ ಕಂಪನಿ ಹೆಸರು ಕಣೇ' ಅಂತ ಬೋರ್ಡಿನ ಮೇಲೆ ನಾಲ್ಕು ಚೀನೀ ಅಕ್ಷರ ಬರೆದಿದ್ದೆಯಲ್ಲ? ಅದು ಹೆಸರೇ ಅಲ್ಲ. 'ಜೋಪಾನ, ಮೆಲ್ಲಗೆ ಇಡಿ' ಅಂತ!

ಬಿದ್ದು ಬಿದ್ದು ನಕ್ಕೆ. ಆಮೇಲೆ ನೆನಪಾಯ್ತು. ನಾನು ಹೈಸ್ಕೂಲಿಗೆ ಸೇರಿದಾಗ ನೀನು ಅದನ್ನೇ ನನ್ನ ಕಂಪಾಸ್ ಬಾಕ್ಸ್ ಮೇಲೂ ಬರೆದುಕೊಟ್ಟಿದ್ದೆ. ಗೆಳತಿಯರು ಆಡಿಕೊಂಡರು ಅಂತ ನಾನು ನಿನ್ನೆದುರೇ ಬ್ಲೇಡಿನಿಂದ ಕೆರೆದು ಹಾಕಿದೆ.

ನೀನು ಬೈಯಲಿಲ್ಲ. 'ಕೈ ಜೋಪಾನ ಮಗಳೇ' ಅಂದೆ, ಅಷ್ಟೇ.