ಕುಂಕುಮ ಹಚ್ಚಿದ ಚಿಪ್

ಹುಬ್ಬಳ್ಳಿ, ಧೂಳುಮಾಸದ ಒಂಬತ್ತನೇ ದಿನ, 2179

ನೂರೈವತ್ತು ವರ್ಷ ಹಿಂದಿನ ಹಿರಿಯರಿಗೆ,

ಮೊದಲು ಖರ್ಚು ಹೇಳಿಬಿಡುತ್ತೇನೆ: ಸುಟ್ಟುಹೋದ ಮೆಮೊರಿ ಚಿಪ್ ಎರಡು, ಗೇಣುದ್ದ ತಂತಿ, ನನ್ನ ಹೆಬ್ಬೆರಳಿನ ಚರ್ಮ, ಓಣಿಯವರ ಒಂದು ಮಧ್ಯಾಹ್ನದ ಊಟ. ಧೂಳುಮಾಸವೆಂದರೆ ಡಿಸೆಂಬರ್ ಆದ ಮೇಲೆ ನಮಗೆ ಬರುವ ಇನ್ನೊಂದು ತಿಂಗಳು. ಕೆಂಧೂಳು ಎದ್ದು ಆಸ್ಪತ್ರೆಯ ರಸ್ತೆಯೂ ಮುಚ್ಚಿರುತ್ತದೆ. ಮಾತು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನಿಮ್ಮ ಬರಹವೂ ನಮಗೆ ಹಾಗೆಯೇ.

ನಾನು ಕಲ್ಮೇಶ, ಹಳೆಯ ಯಂತ್ರಗಳ ವ್ಯಾಪಾರಿ. ಎದುರಂಗಡಿ ಗುರುಶಾಂತಪ್ಪನದು. ದಂಧೆಯೂ ಅದೇ ಆದ್ದರಿಂದ ನಮ್ಮಿಬ್ಬರಲ್ಲಿ ಬೈಗುಳ ಬಿಟ್ಟರೆ ಬೇರೆ ಮಾತಿರಲಿಲ್ಲ. ಅವನ ಹೆಂಡತಿ ಬಸಲಿಂಗವ್ವನ ಎದೆಯಲ್ಲಿ ಧೂಳು ಕೂತಿದೆ. ಉಸಿರುಪೆಟ್ಟಿಗೆ ಎಂಬ ಯಂತ್ರ ಅವಳಿಗಾಗಿ ಗಾಳಿ ಊದುತ್ತದೆ. ಮೊನ್ನೆ ಕರೆಂಟ್ ಹೋಗಿ ಬಂದಾಗ, ಎಷ್ಟು ಊದಬೇಕೆಂಬುದನ್ನೇ ಮರೆತು ಅದು ನಿಂತುಬಿಟ್ಟಿತು. ಓಣಿಯವರು ಸರದಿಯಂತೆ ಕೈತಿದಿ ಒತ್ತಿ ಅವಳಿಗೆ ಗಾಳಿ ಊದತೊಡಗಿದರು.

ಆ ಪೆಟ್ಟಿಗೆಗೆ ಮತ್ತೆ ಪಾಠ ಹೇಳಬಲ್ಲದ್ದು ನನ್ನಲ್ಲಿದ್ದ ಮಡಿಚುಗಣಕ ಒಂದೇ. ಅಂದರೆ ನಿಮಗಿಂತಲೂ ಹಿಂದಿನವರ ದಪ್ಪ ಲ್ಯಾಪ್‌ಟಾಪ್. ಆದರೆ ಆ ಪಾಠ ಹಿಡಿಸುವಷ್ಟು ಮೆಮೊರಿ ಅದಕ್ಕಿರಲಿಲ್ಲ. ಇದಕ್ಕೆ ನಮ್ಮಲ್ಲೊಂದು ಮನೆಮದ್ದು ಇದೆ: ಇದ್ದ ಚಿಪ್‌ಗಳ ಬೆನ್ನ ಮೇಲೆ ಬೇರೆ ಚಿಪ್ ಕೂರಿಸಿ, ಅವುಗಳ ಲೋಹದ ಕಾಲಿಗೆ ಕಾಲು ಬೆಸೆದು, ಮೇಲಿನದರ ಒಂದು ಕಾಲನ್ನು ಮಾತ್ರ ಎತ್ತಿ ಬೇರೆ ತಂತಿಗೆ ಕಟ್ಟುವುದು. ಗುರುಶಾಂತಪ್ಪನ ಬಳಿ ಅಂಥ ಚಿಪ್ ಎರಡು ಜೋಡಿ ಇದ್ದವು. ಗಣಕ ಹೊತ್ತು ಅವನ ಮನೆಗೇ ಹೋಗಿ, ಮೊದಲ ಜೋಡಿ ಹಾಕಿ ಗುಂಡಿ ಒತ್ತಿದೆ. ಹೊಗೆ ಬಂತು.

"ಸುಟ್ಟಿ ಬಿಡಪಾ! ಇದs ಏನು ನಿನ್ನ ಕಸಬು?" ಎಂದ ಗುರುಶಾಂತಪ್ಪ.

"ಮಾಲು ಯಾರದು, ಮೊದಲ ಅದನ್ನ ಹೇಳು."

ತಿದಿ ಒತ್ತುತ್ತಿದ್ದ ನೆರೆಮನೆಯ ನೀಲವ್ವ ಚೀರಿದಳು: "ಜಗಳಾ ಆಮ್ಯಾಲೆ ಆಡ್ರೋ! ನನ್ನ ಕೈ ಸೋತಾವು, ಆಕಿ ತುಟಿ ನೀಲಿ ಆಗಾಕ ಹತ್ಯಾವು."

ಉಳಿದದ್ದು ಒಂದೇ ಜೋಡಿ, ಅದು ಗುರುಶಾಂತಪ್ಪನ ಅಂಗೈಯಲ್ಲಿತ್ತು. ಬಸಲಿಂಗವ್ವ ಮಲಗಿದಲ್ಲಿಂದಲೇ ಅವನ ಮಣಿಕಟ್ಟು ಹಿಡಿದೆಳೆದು, ಸೆರಗಿನ ತುದಿಯಿಂದ ಒಂದು ಚಿಪ್ ತಿಕ್ಕಿದಳು. ಸೆರಗು ಕೆಂಪಾಯಿತು. ಚಿಪ್ಪಿನ ಮೊದಲ ಕಾಲು ಯಾವುದೆಂದು ತೋರಿಸಲು ಅದರ ಮೈಮೇಲೆ ಸಣ್ಣದೊಂದು ಗುಂಡು ಕುಳಿ ಇರುತ್ತದೆ. ಆಯುಧಪೂಜೆಯಂದು ಅಂಗಡಿಯ ಪ್ರತಿ ಚಿಪ್ಪಿಗೂ ಕುಂಕುಮದ ಬೊಟ್ಟಿಟ್ಟವಳು ಅವಳೇ. ಒಣಗಿ ಕಪ್ಪಾದ ಆ ಬೊಟ್ಟನ್ನೇ ಗುರುತೆಂದು ನಂಬಿ ನಾವಿಬ್ಬರು ಪಂಡಿತರು ಚಿಪ್ ತಿರುಗುಮುರುಗಾಗಿ ಕೂರಿಸಿದ್ದೆವು. ನಿಜವಾದ ಕುಳಿ ಆಚೆ ತುದಿಯಲ್ಲಿತ್ತು.

ಅವನು ದೀಪ ಹಿಡಿದ, ನಾನು ಬೆಸೆದೆ. ಹಳೆಯ ಗಣಕ ಏಳುವಾಗ ತನ್ನ ಮೆಮೊರಿಯನ್ನು ತಾನೇ ಎಣಿಸಿ ತೋರಿಸುತ್ತದೆ. ಅಂಕಿ ನಾಲ್ಕು ಸಾವಿರ ಚಿಲ್ಲರೆಗೆ ಬಂದು ನಿಂತಿತು. ಅದು ಮೊದಲೇ ಇದ್ದಷ್ಟು. ನೀಲವ್ವ ತಿದಿ ಒತ್ತುತ್ತಲೇ ಪರದೆಯತ್ತ ಕತ್ತು ಚಾಚಿದಳು. ಆಮೇಲೆ ಅಂಕಿ ಮತ್ತೆ ಏರತೊಡಗಿ ಎಂಟು ಸಾವಿರ ದಾಟಿತು. ಗಣಕದಿಂದ ಪಾಠ ದಾಟಿಸಿದ ಸ್ವಲ್ಪ ಹೊತ್ತಿಗೆ ಪೆಟ್ಟಿಗೆ ಕೆಮ್ಮಿದಂತೆ ಸದ್ದು ಮಾಡಿ ಊದತೊಡಗಿತು.

ನಿಮ್ಮಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಕಾಲದ ತೆಳು ಲ್ಯಾಪ್‌ಟಾಪ್ ನಮ್ಮಲ್ಲಿ ಮೂಟೆಗಟ್ಟಲೆ ಇವೆ. ಅಂಟು ಹಾಕಿ ಮುಚ್ಚಿದ್ದೀರಿ, ತೆರೆಯಹೋದರೆ ಮುರಿಯುತ್ತವೆ. ದಯವಿಟ್ಟು ತಿರುಪು ಹಾಕಿ. ಊರಲ್ಲಿ ಉಸಿರುಪೆಟ್ಟಿಗೆ ಇನ್ನೂ ಹನ್ನೊಂದಿವೆ, ಗಣಕ ಇದೊಂದೇ, ಚಿಪ್ ಮುಗಿದಿವೆ.

ಯಾರಿಗೆ ಏನು ದಕ್ಕಿತೆಂದರೆ, ನೀಲವ್ವನಿಗೆ ನಿದ್ದೆ. ನನಗೆ ಗುರುಶಾಂತಪ್ಪನ ಮನೆಯ ಚಹಾ, ಸಕ್ಕರೆ ಕಡಿಮೆ. ಅವನಿಗೆ ಅವನ ಹೆಂಡತಿ. ಬಸಲಿಂಗವ್ವನಿಗೆ, ಬೆಸುಗೆ ಹಿಡಿದಿರುವಷ್ಟು ದಿನ, ಉಸಿರು.