ರಂಗಪ್ಪನ ಹೆಸರಿನಲ್ಲಿ ಹೋದವನು

ಸಿಂಗಟಗೆರೆ
೩೦ ಅಕ್ಟೋಬರ್ ೨೦೨೫

ತಮ್ಮ ರವಿಕುಮಾರನಿಗೆ,

ನಿನಗಿಂತ ಐದು ವರ್ಷ ದೊಡ್ಡವಳು, ಆಶೀರ್ವಾದದಿಂದಲೇ ಶುರುಮಾಡಬೇಕು. ಈ ಸಲ ಕೈ ಬರುತ್ತಿಲ್ಲ. ಭಾನುವಾರದಿಂದ ನೀನು ಫೋನ್ ಎತ್ತುತ್ತಿಲ್ಲ, ಅದಕ್ಕೇ ಈ ಕಾಗದ. ಹರಿದು ಹಾಕುವ ಮೊದಲು ಪೂರ್ತಿ ಓದು.

ಕೆರೆ ಏರಿಯ ಪಕ್ಕ ನಿಮ್ಮ ಸಮಿತಿ ನೆಡಿಸಿದ ಸ್ಮಾರಕದ ಕಲ್ಲಿನ ಪರದೆಯನ್ನು ಭಾನುವಾರ ಸರಿಸಿದಾಗ ನಾನು ಮುಂದಿನ ಸಾಲಿನಲ್ಲೇ ಕೂತಿದ್ದೆ. ಮೊದಲ ಮಹಾಯುದ್ಧಕ್ಕೆ ಮೈಸೂರು ಸಂಸ್ಥಾನದ ಕುದುರೆ ಪಡೆಯ ಜೊತೆ ಹೋಗಿ ಮರಳದ ನಮ್ಮ ಸುತ್ತಿನ ನಾಲ್ವರ ಹೆಸರು. ಮೂರನೆಯದು ‘ರಂಗಪ್ಪ, ಸಿಂಗಟಗೆರೆ’. ನೀನು ಮೈಕ್ ಹಿಡಿದು, ಹುತಾತ್ಮ ರಂಗಪ್ಪನವರ ಮೊಮ್ಮಗ ನಾನು ಎಂದೆ. ಜನ ಚಪ್ಪಾಳೆ ತಟ್ಟಿದರು. ಪಕ್ಕದಲ್ಲಿದ್ದ ಮಂಜಪ್ಪಣ್ಣ, ಎಂಬತ್ತು ದಾಟಿದವನು, ನನ್ನ ಕಡೆ ಬಗ್ಗಿದ.

“ರಂಗಜ್ಜ ನನ್ನ ಮದುವೆಗೆ ಬಂದು ಉಂಡ್ಕಂಡು ಹೋಗಿದ್ದ ಕಣವ್ವ. ಯುದ್ಧದಾಗೆ ಯಾವಾಗ ಸತ್ತ?”

ನಮ್ಮ ತಾತ ರಂಗಪ್ಪ ಸತ್ತಿದ್ದು ೧೯೭೩ರಲ್ಲಿ, ನಮ್ಮ ಪಡಸಾಲೆಯಲ್ಲಿ. ಹೆಣದ ಮುಂದೆ ಮಂಡಕ್ಕಿ ಎರಚಿಕೊಂಡು ಹೋದವನು ನೀನೇ.

ನಿನಗೆ ಗೊತ್ತಿಲ್ಲದ್ದೇನಲ್ಲ. ಮನೆಗೆ ಸುಣ್ಣ ಬಳಿಸುವಾಗ ತಾತನ ಪೆಟ್ಟಿಗೆಯಲ್ಲಿ ಸಿಕ್ಕ ಕಾಗದವನ್ನು ಆಗಸ್ಟಿನಲ್ಲೇ ನಿನ್ನ ಮುಂದೆ ಹರಡಿ ಎಲ್ಲ ಹೇಳಿದ್ದೆ. ಮತ್ತೆ ಬರೆಯುತ್ತೇನೆ, ಮರೆತೆ ಅನ್ನಬೇಡ.

೧೯೧೬ರಲ್ಲಿ ಪಡೆಯ ಕುದುರೆ ನೋಡಿಕೊಳ್ಳಲು ಆಳು ಬೇಕೆಂದಾಗ ಪಟೇಲರು ಬರೆಸಿದ್ದು ರಂಗಪ್ಪನ ಹೆಸರನ್ನೇ. ಕಡೂರಿನಲ್ಲಿ ಅಮಲ್ದಾರರ ಮುಂದೆ ನಿಲ್ಲಬೇಕಾದ ದಿನ ತಾತ ಹಿರೇನಲ್ಲೂರಿನ ಮಾವನ ಮನೆಯಲ್ಲಿ ಹುಲ್ಲಿನ ಬಣವೆಯ ಹಿಂದೆ ಅಡಗಿದ್ದ. ಪಟೇಲರು ಮನೆ ಮುಂದೆ ನಿಂತು ಕೂಗಾಡಿದರು. ತಾತನ ತಮ್ಮ ಸಣ್ಣಬೀರಪ್ಪ, ನಾನೇ ರಂಗಪ್ಪ ಅಂತ ಹೋಗುತ್ತೇನೆ ಎಂದು ಕಂಬಳಿ ಹೆಗಲಿಗೆ ಹಾಕಿಕೊಂಡು ಹೊರಟ. ಇಪ್ಪತ್ತು ವರ್ಷ. ಹೆಂಡತಿ ಹುಚ್ಚಮ್ಮ ಈ ಮನೆಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಪಟೇಲರಿಗೆ ತಲೆ ಲೆಕ್ಕ ಸರಿಹೋದರೆ ಸಾಕಿತ್ತು.

ಎರಡು ವರ್ಷದ ಮೇಲೆ ಪಡೆಯಿಂದ ಆ ಕಾಗದ ಬಂತು. ರಂಗಪ್ಪ ಪ್ಯಾಲೆಸ್ತೀನಿನಲ್ಲಿ ಜ್ವರ ಬಂದು ತೀರಿಕೊಂಡ ಅಂತ. ತೀರಿಕೊಂಡ ರಂಗಪ್ಪ ಜಗಲಿಯ ಮೇಲೆ ಕೂತು ಅದನ್ನು ಓದಿಸಿ ಕೇಳಿದ. ಸುಳ್ಳು ಹೆಸರು ಬಯಲಾದರೆ ಜೈಲು ಎಂಬ ಭಯ. ಕಾಗದ ಪೆಟ್ಟಿಗೆ ಸೇರಿತು. ಹುಚ್ಚಮ್ಮನಿಗೆ ಹೇಳಿದ್ದು, ಗಂಡ ಅಲ್ಲೇ ಇದ್ದಾನೆ, ಬರುತ್ತಾನೆ ಎಂದು. ಅವಳು ಅರವತ್ತಾರು ವರ್ಷ ಕಾದಳು. ಬಳೆ ತೊಟ್ಟು, ಕುಂಕುಮ ಇಟ್ಟು, ವರ್ಷ ವರ್ಷ ಅಂತರಘಟ್ಟಮ್ಮನಿಗೆ ಅವನ ಹೆಸರಲ್ಲಿ ಸೀರೆ ಒಪ್ಪಿಸಿ ಕಾದಳು. ನಮ್ಮ ಹೊಲದ ಕಳೆ ಕಿತ್ತವಳು, ನಿನ್ನ ಕುಂಡಿ ತೊಳೆದು ಸಾಕಿದವಳು ಅವಳು. ಮುತ್ತೈದೆ ಅಂತಲೇ ಮಣ್ಣಾದಳು.

ಇದೆಲ್ಲ ಕೇಳಿಯೂ ನೀನು ಅಂದದ್ದೇನು?

“ರೆಕಾರ್ಡ್‌ನಾಗೆ ರಂಗಪ್ಪ ಅಂತಲೇ ಐತೆ ಕಣಕ್ಕ. ಈಗ ಬೀರಪ್ಪನ ಹೆಸರು ಕೆತ್ತಿಸಿದ್ರೆ, ತಾತ ಹೆದರ್ಕಂಡು ಬಚ್ಚಿಟ್ಕಂಡಿದ್ದ ಅಂತ ಊರೆಲ್ಲ ಆಡ್ಕತಾರೆ.”

ಆಡಿಕೊಳ್ಳಲಿ. ತಾತ ಹೆದರಿದ್ದು ನಿಜ. ಹೆಂಡತಿ ತುಂಬು ಬಸುರಿ, ಸಮುದ್ರ ದಾಟಿದವರು ತಿರುಗಿ ಬರುವ ಖಾತ್ರಿ ಇಲ್ಲ. ಆ ಹೆದರಿಕೆಯನ್ನು ನಾನು ಕ್ಷಮಿಸಬಲ್ಲೆ. ನಿನ್ನನ್ನು ಯಾರು ಹೆದರಿಸಿದ್ದರು? ಸೋಮವಾರ ಬಸ್ ಸ್ಟ್ಯಾಂಡಿನಲ್ಲಿ ನಿನ್ನ ಚುನಾವಣೆಯ ಫ್ಲೆಕ್ಸ್ ನೋಡಿದೆ. ‘ಹುತಾತ್ಮರ ಕುಡಿ’. ಸತ್ತವನ ಹೆಸರನ್ನು ಅವನ ಅಣ್ಣನೇ ಒಮ್ಮೆ ನುಂಗಿದ, ನೂರು ವರ್ಷದ ಮೇಲೆ ನೀನು ಅವನ ಸಾವನ್ನೂ ನುಂಗಿದೆ. ನಾಚಿಕೆಯಾಗಲಿಲ್ಲವೇನೋ?

ನಿನ್ನೆ ಬೆಳಿಗ್ಗೆ ಅಜ್ಜಂಪುರದಿಂದ ಕಲ್ಲು ಕೆತ್ತುವ ಓಂಕಾರೇಶನನ್ನು ಕರೆಸಿದೆ. ಸಮಿತಿಯವರ ಚೀಟಿ ಇಲ್ಲದೆ ಉಳಿ ಮುಟ್ಟಿಸುವುದಿಲ್ಲ ಎಂದ. ಕಾಗದ ಓದಿ, ನಡೆದದ್ದನ್ನೆಲ್ಲ ಹೇಳಿದೆ. ಚೀಲದಿಂದ ಉಳಿ ತೆಗೆದು ಕೆಲಸಕ್ಕೆ ಕೂತ. ಮುಗಿಯುವವರೆಗೂ ಛತ್ರಿ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ರಂಗಪ್ಪನ ಹೆಸರಿನ ಕೆಳಗೆ ಈಗ ಹೀಗಿದೆ: ‘ಈ ಹೆಸರಿನಲ್ಲಿ ಹೋಗಿ ಮಡಿದವನು ಸಣ್ಣಬೀರಪ್ಪ. ಹೆಂಡತಿ ಹುಚ್ಚಮ್ಮ.’

ಮಂಜಪ್ಪಣ್ಣ ಬಂದು ಎರಡು ಸಲ ಓದಿಸಿಕೊಂಡ. ತಲೆಯ ಟವೆಲ್ ತೆಗೆದು ಕಂಕುಳಲ್ಲಿ ಇಟ್ಟುಕೊಂಡ.

“ಈಗ ಸರಿಹೋಯ್ತು. ಸತ್ತೋನೇ ಸತ್ತ,” ಎಂದ.

ಅಳಿಸುವುದಿದ್ದರೆ ಬಾ. ಊರೆಲ್ಲ ನೋಡುವಾಗ ಬಂದು, ನನ್ನ ಎದುರಿಗೇ ಅಳಿಸು.

ನಿನ್ನ ಅಕ್ಕ,
ತೀರ್ಥಮ್ಮ

ತಾ.ಕ.: ಸುಣ್ಣ ಬಳಿಸುವಾಗ ಕಾಗದ ಸಿಕ್ಕಿತು ಅಂದದ್ದು ಸುಳ್ಳು. ತಾತ ಸಾಯುವ ಹಿಂದಿನ ದಿನ ತಾನೇ ನಡೆದದ್ದನ್ನೆಲ್ಲ ಹೇಳಿ, ಅದನ್ನು ನನ್ನ ಕೈಗೆ ಕೊಟ್ಟು, ಹುಚ್ಚಮ್ಮನಿಗೆ ಓದಿ ಹೇಳವ್ವ, ನನ್ನ ಕೈಲಾಗಲಿಲ್ಲ ಎಂದಿದ್ದ. ನನಗಾಗ ಹದಿನಾರು. ಅವಳು ಇನ್ನೂ ಹನ್ನೊಂದು ವರ್ಷ ಬದುಕಿದ್ದಳು. ನಾನು ಮದುವೆಯಾಗಿ ಹೋಗುವವರೆಗೂ ದಿನಾ ಸಂಜೆ ನನ್ನ ತಲೆ ಬಾಚಿದಳು. ನಾನು ಓದಿ ಹೇಳಲಿಲ್ಲ.