ಕಂಪ್ಯೂಟರಲ್ಲಿಟ್ಟ ದನಿ

ಮಾರ್ಚ್ 3
ಶರ್ಟಿನ ಕಾಲರ್ ಹಾಳು ಮಾಡಿದೆ. ಕೈ ಹೊಲಿಗೆ ಮಿಷನ್ ಮೇಲೆ, ಮನಸ್ಸು ಆಸ್ಪತ್ರೇಲಿ. ನನ್ನ ಹೆಂಡತಿ, ಇವಳ ಗಂಟಲ ಆಪರೇಷನ್ ಮುಗೀತು. ಗಡ್ಡೆ ಪೂರ್ತಿ ತೆಗೆದಿದ್ದಾರಂತೆ. ಧ್ವನಿಪೆಟ್ಟಿಗೆನೂ. ಇನ್ನು ಮಾತಿಲ್ಲ.

ಡಾಕ್ಟರು ಮೊದಲೇ ಹೇಳಿದ್ರು. ಅದಕ್ಕೇ ತಿಂಗಳಿಡೀ ಕಂಪ್ಯೂಟರ್ ಮುಂದೆ ಕೂತು ದಿನಾ ಆಡೋ ಮಾತೆಲ್ಲ ರೆಕಾರ್ಡ್ ಮಾಡಿಟ್ಟಳು. ತನ್ನದೇ ಪ್ರೊಫೈಲ್, ತನ್ನದೇ ಪಾಸ್‌ವರ್ಡ್. "ಬಟನ್ ಒತ್ತಿದ್ರೆ ಬೈಗುಳ ಬರುತ್ತೆ, ಪಾರಾದೆ ಅಂದ್ಕೋಬೇಡಿ" ಅಂದಿದ್ದಳು. ಮಗಳು ಈಗ ಏಳು ತಿಂಗಳ ಬಸುರಿ. ಹುಟ್ಟೋ ಮಗೂಗೆ ಅಂತ ಒಂದು ಜೋಗುಳನೂ ಇದೆ. ನನಗೆ ಕೇಳಿಸಲೇ ಇಲ್ಲ. ಮೊದಲು ಮಗೂನೇ ಕೇಳಬೇಕಂತೆ!

ಮಾರ್ಚ್ 5
ಅಳಿಯ ಬಂದಿದ್ದ. ಒಳ್ಳೇ ಹುಡುಗ, ಸುಮ್ನೆ ಕೂರೋಕೆ ಬರಲ್ಲ. "ಮಾವ, ಕಂಪ್ಯೂಟರ್ ತುಂಬಾ ಸ್ಲೋ. ಅತ್ತೆ ಬರೋಷ್ಟರಲ್ಲಿ ನೀಟ್ ಮಾಡಿಡ್ತೀನಿ." ಇವಳ ಪ್ರೊಫೈಲ್ ತೆಗೆದು ಅದೇ ಹೆಸರಲ್ಲಿ ಹೊಸದು ಮಾಡಿದ. ಫೈಲೆಲ್ಲ ಡಿಲೀಟ್ ಮಾಡಲಾ ಅಂತ ಕೇಳಿತಂತೆ. ಹೂಂ ಅಂದನಂತೆ! ರೆಕಾರ್ಡಿಂಗ್ ಅತ್ತೆಯ ಫೋನಲ್ಲಿದೆ ಅಂದ್ಕೊಂಡಿದ್ದನಂತೆ.

ಅಳತೆ ತಗೊಳ್ಳದೆ ಕತ್ತರಿ ಹಾಕಿದ ಹಾಗಾಯ್ತು. ಅಳಿಯನಿಗೆ ಬೈಯೋ ಹಾಗೂ ಇಲ್ಲ. ಮಗಳ ಮುಖ ನೋಡಿ ನುಂಗಿಕೊಂಡೆ. ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟು ಅತ್ತುಬಿಟ್ಟೆ.

ಮಾರ್ಚ್ 6
ಇಂಟರ್ನೆಟ್‌ನಲ್ಲಿ ಒಂದು ಸಾಫ್ಟ್‌ವೇರ್ ಸಿಕ್ತು. ಡಿಲೀಟ್ ಆದದ್ದನ್ನ ಹುಡುಕಿ ಕೊಡುತ್ತೆ. ಮನೆ ಮುಂದಿನ ಅಂಗಡಿ ಬಾಗಿಲು ಹಾಕಿ, ಒಳಗೆ ಕಂಪ್ಯೂಟರ್ ಮುಂದೆ ಕೂತೆ. ಸಿಕ್ತು! ಎಲ್ಲದರ ಹೆಸರೂ ಇದೆ... 'ಊಟಕ್ಕೆ ಬನ್ನಿ', 'ಕನ್ನಡಕ ತಲೆ ಮೇಲೇ ಇದೆ', 'ಜೋಗುಳ'. ಎಲ್ಲಾನೂ ಅಲ್ಲೇ ಡೆಸ್ಕ್‌ಟಾಪ್ ಮೇಲೆ ಸೇವ್ ಕೊಟ್ಟೆ. ಮೊದಲು ಫೋಟೋಗಳು ಬಂದ್ವು, ರಾಶಿ ರಾಶಿ. ಮಗಳ ಮದುವೆ ವಿಡಿಯೋ ಬಂತು. ಬರಲಿ ಬರಲಿ ಅಂತ ಖುಷಿಯಲ್ಲಿ ನೋಡ್ತಾ ಕೂತೆ.

ಕೊನೆಗೆ ದನಿ ಫೈಲುಗಳು. ಒತ್ತಿದೆ — ಕರ್ ಅನ್ನುತ್ತೆ. ಇನ್ನೊಂದು — ಏನೂ ಇಲ್ಲ.

ಮಾರ್ಚ್ 8
ಕಂಪ್ಯೂಟರ್ ರಿಪೇರಿ ಮಾಡೋ ಹೆಂಗಸಿನ ಹತ್ರ ಹೊತ್ತುಕೊಂಡು ಹೋದೆ.
"ಸಿಕ್ಕಿದ್ದನ್ನ ಅದೇ ಡಿಸ್ಕ್‌ನಲ್ಲೇ ಇಟ್ರಾ ಅಂಕಲ್?"
"ಹೂಂನಮ್ಮ, ಇನ್ನೆಲ್ಲಿಡಲಿ?"
ಸ್ಕ್ರೂಡ್ರೈವರ್ ಕೆಳಗಿಟ್ಟಳು. "ಡಿಲೀಟ್ ಆದ ಜಾಗ ಖಾಲಿ ಅಂತ ಲೆಕ್ಕ. ಹೊಸದಾಗಿ ಇಟ್ಟಿದ್ದು ಅದರ ಮೇಲೇ ಬಂದು ಕೂರುತ್ತೆ. ಬೇರೆ ಡಿಸ್ಕ್‌ಗೆ ಹಾಕ್ಬೇಕಿತ್ತು."

ಅಂದ್ರೆ ಮದುವೆ ವಿಡಿಯೋ ಉಳಿಸೋಕೆ ಹೋಗಿ ಇವಳ ದನಿ ಅಳಿಸಿದ್ದು ನಾನೇ. ಅಳಿಯನ ಮೇಲಿದ್ದ ಸಿಟ್ಟನ್ನ ಈಗ ಎಲ್ಲಿಡಲಿ? "ನೋಡ್ತೀನಿ, ಆಸೆ ಇಟ್ಕೋಬೇಡಿ" ಅಂದಳು. ಆಸೆ ಇಟ್ಕೊಂಡೇ ಬಂದೆ.

ಮಾರ್ಚ್ 17
ಇವಳು ಮನೆಗೆ ಬಂದಳು. ಸೀದಾ ಕಂಪ್ಯೂಟರ್ ಮೇಜಿನ ಹತ್ರ ಹೋದಳು. ಖಾಲಿ. ನನ್ನ ಮುಖ ನೋಡಿದಳು. ಹೇಳಿದೆ. ಅಳಿಯನ ಹೆಸರೆತ್ತಲಿಲ್ಲ, ಎಲ್ಲ ನಾನೇ ಅಂದೆ. ಸ್ಲೇಟಿನ ಮೇಲೆ ಬರೆದಳು: "ಜೋಗುಳ?" ಇಲ್ಲ ಅಂತ ತಲೆಯಾಡಿಸಿದೆ.

ಬೈಯಲಿಲ್ಲ. ಬೈಯೋಕೂ ಆಗಲ್ಲವಲ್ಲ, ದೇವರೇ! ಗೋಡೆ ಕಡೆ ತಿರುಗಿ ಮಲಗಿದಳು.

ಮಾರ್ಚ್ 22
ರಿಪೇರಿಯವಳೇ ಮನೆಗೆ ತಂದು ಜೋಡಿಸಿಕೊಟ್ಟಳು. ಪೂರ್ತಿ ಉಳಿದಿರೋದು ಒಂದೇ ಮಾತು: "ರೀ, ಸ್ವಲ್ಪ ಇಲ್ಲಿ ಬನ್ನಿ." ಎಷ್ಟೋ ಒಳ್ಳೊಳ್ಳೇ ಮಾತಿತ್ತು, ಇದು ಉಳೀತು. ನಾನು ಮಿಷನ್ ಮೇಲೆ ಕೂತಾಗಲೇ ಕರೆಯೋಳು.

ಜೋಗುಳದಲ್ಲಿ ಗಂಟಲು ಸರಿಮಾಡಿಕೊಳ್ಳೋದು ಕೇಳುತ್ತೆ. ಆಮೇಲೆ ಉಸಿರು ಎಳ್ಕೋತಾಳೆ... ಅಷ್ಟೇ. ಮಗಳು ಅಷ್ಟನ್ನೇ ಫೋನಿಗೆ ಹಾಕ್ಕೊಂಡು ಹೋದಳು.

ಮಾರ್ಚ್ 24, ಸಂಜೆ
ಇವಳು ಇನ್ನೂ ಕಂಪ್ಯೂಟರ್ ಮುಟ್ಟಿಲ್ಲ. ಆ ಒಂದು ಮಾತು ಕೇಳೋಕೂ ಒಪ್ಪಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ. ಮನೇಲಿ ಮಿಷನ್ ಸದ್ದು ಬಿಟ್ರೆ ಇನ್ನೇನಿಲ್ಲ. ಎರಡು ಪ್ಯಾಂಟ್ ಮುಗಿಸಿದೆ. ನಾಳೆ ಅಳಿಯನಿಗೆ ಫೋನ್ ಮಾಡಿ ಬಾರಪ್ಪಾ ಅನ್ನಬೇಕು. ಆ ಹುಡುಗ ಮುಖ ತೋರಿಸೋಕೇ ನಾಚ್ಕೊಂಡು

ಒಳಗಿಂದ ಇವಳ ದನಿ! "ರೀ, ಸ್ವಲ್ಪ ಇಲ್ಲಿ ಬನ್ನಿ."
ಇನ್ನೊಂದ್ಸಲ. ಅದೇ ರಾಗ, ಅದೇ ಅವಸರ.
ಬಂದೆ ಕಣೇ, ಬಂ